ತಕ್ಕಡಿ ಸಾಹೇಬರು ಬಂದೂಕು ಕೊಂಡದ್ದು

ಬಾಗಿಲ ಸಂದಿಯಲ್ಲಿ ಸಿಕ್ಕಿಸಿದ್ದ ಚೀಟಿ ತಕ್ಕಡಿ ಸಾಹೇಬರ ಕೈಗೇ ಮೊದಲು ಸಿಕ್ಕಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ. ಸಿಕ್ಕಿದ್ದು ಭಾವಮೈದನ ಕೈಗೆ. ಅವನ ಕೈಗೆ ಸಿಕ್ಕ ಸುದ್ದಿಯೂ ಒಲೆಯ ಮೇಲಿಟ್ಟು ಮರೆತ ಹಾಲೂ ಒಂದೇ, ಉಕ್ಕದೆ ಬಿಡುವುದಿಲ್ಲ.

"ಭಾವಾ! ನಿಮಗೆ ಬಂದೂಕು ತಗೊಂಡು ಬಾ ಅಂದಿದಾರೆ!" ಎಂದು ಅವನು ಮೆಟ್ಟಿಲ ಮೇಲೆ ನಿಂತೇ ಕೂಗಿದ. ಸಾಹೇಬರು ಗಡ್ಡಕ್ಕೆ ಸೋಪಿನ ನೊರೆ ಹಚ್ಚಿಕೊಂಡೇ ಓಡಿ ಬರುವ ಹೊತ್ತಿಗೆ ಮೂರು ಮಹಡಿಯ ಅಷ್ಟೂ ಬಾಗಿಲುಗಳಲ್ಲಿ ಒಂದೊಂದು ತಲೆ ಕಾಣಿಸಿಕೊಂಡಿತ್ತು.

ಚೀಟಿ ಬರೆದವರು ಗುರಿ ಹೊಡೆಯುವ ಕ್ಲಬ್ಬಿನ ಕೋಚ್. 'ತಂಡದಲ್ಲಿ ಒಂದೇ ಜಾಗ ಉಳಿದಿದೆ. ಸ್ವಂತ ಏರ್ ರೈಫಲ್ ಇರಬೇಕು. ಇವತ್ತು ಸಂಜೆ ಐದೂವರೆಯೊಳಗೆ ತಂದು ತೋರಿಸಿ. ಇಲ್ಲದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ.'

ಸಾಹೇಬರು ಎಂದರೆ ದೊಡ್ಡ ಸಾಹೇಬರೇನಲ್ಲ. ಅಂಚೆ ಕಚೇರಿಯ ಪಾರ್ಸೆಲ್ ಕಿಟಕಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಕೂತವರು. ಕಟ್ಟು ಕೈಗೆ ಬಂದ ಕೂಡಲೇ "ಒಂದು ಕಿಲೋ ಮುನ್ನೂರ ನಲವತ್ತು" ಎನ್ನುವರು. ಆಮೇಲೆ ತಕ್ಕಡಿಗೆ ಇಟ್ಟರೆ, ಮುಳ್ಳು ಹಿರಿಯರ ಮಾತು ಮೀರದ ಸೊಸೆಯ ಹಾಗೆ ಅಲ್ಲಿಗೇ ಹೋಗಿ ನಿಲ್ಲುತ್ತಿತ್ತು. ಹೆಸರು ಬಂದದ್ದು ಹಾಗೆ. ಊರಿನವರ ಗಂಟುಮೂಟೆಗಳೆಲ್ಲ ಅವರ ಕೈ ದಾಟಿ ಎಲ್ಲೆಲ್ಲಿಗೋ ಹೋಗಿದ್ದವು, ಅವರು ಮಾತ್ರ ಕುರ್ಚಿ ಬಿಟ್ಟು ಕದಲಿರಲಿಲ್ಲ.

ನಾಲ್ಕು ತಿಂಗಳ ಹಿಂದೆ ಯಾರದೋ ಒತ್ತಾಯಕ್ಕೆ ಕ್ಲಬ್ಬಿಗೆ ಹೋಗಿ, ಅಲ್ಲಿನ ಹಳೆಯ ರೈಫಲ್ಲಿನಲ್ಲಿ ಹತ್ತು ಗುಂಡು ಹೊಡೆದರು. ಒಂಬತ್ತು ನಡುವಿನ ಕಪ್ಪು ಚುಕ್ಕೆಗೆ ಬಿದ್ದವು. ಅವತ್ತು ಅವರು ಶಿಳ್ಳೆ ಹಾಕುತ್ತ ಮನೆಗೆ ಬಂದದ್ದು ನೋಡಿ ಹೆಂಡತಿ ಹತ್ತಿರ ಕರೆದು ಬಾಯಿ ಮೂಸಿದ್ದಳು. ಈಗ ತಂಡ ಬರುವ ತಿಂಗಳು ರೈಲಿನಲ್ಲಿ ಪರವೂರಿನ ಪಂದ್ಯಕ್ಕೆ ಹೊರಡುವುದಿತ್ತು. ಒಂದು ಸಲವಾದರೂ ತಾನೇ ಪಾರ್ಸೆಲ್ಲಾಗಿ ಹೋಗಬೇಕು ಎನ್ನುವುದು ಸಾಹೇಬರ ಆಸೆ.

ಹೆಂಡತಿ ಬೀರುವಿನಿಂದ ಒಂದು ಲಕೋಟೆ ತಂದು ಕೊಟ್ಟಳು.

"ಸೋಫಾಕ್ಕೆ ಅಂತ ಇಟ್ಟಿದ್ದು ಇದು. ಸೋಫಾ ಆಗಿದ್ರೆ ನಾಲ್ಕು ಜನ ಕೂರ್ತಿದ್ರು. ಬಂದೂಕಿನ ಮೇಲೆ ಯಾರು ಕೂರ್ತಾರ್ರೀ?"

"ಅದು ಕೂರೋದಕ್ಕಲ್ಲ ಕಣೇ..."

"ಗೊತ್ತು. ಇದರ ಮೇಲೆ ಬಿಡಿಕಾಸೂ ಕೇಳಬೇಡಿ. ನನ್ನ ತಮ್ಮನ್ನ ಜೊತೆಗೆ ಕರ್ಕೊಂಡು ಹೋಗಿ. ನಿಮ್ಮನ್ನೊಬ್ಬರನ್ನೇ ಕಳಿಸಿದ್ರೆ ಅಂಗಡಿಯವನು ಟೋಪಿ ಹಾಕ್ತಾನೆ."

ಕೆಳಗಿನ ಮನೆಯ ಡ್ರಿಲ್ ಮೇಷ್ಟ್ರು ಆಗಲೇ ಬೂಟು ಕಟ್ಟಿಕೊಂಡು ನಿಂತಿದ್ದರು. ಶಾಲೆಯಿಂದ ನಿವೃತ್ತರಾದರೂ ಕೊರಳಿನ ಪೀಪಿ ನಿವೃತ್ತಿಯಾಗಿರಲಿಲ್ಲ. "ಬಂದೂಕಿನ ವಿಷಯ ನನಗೆ ಬಿಡಿ. ಮೂವತ್ತು ವರ್ಷ ಹುಡುಗರಿಗೆ ಕಲಿಸಿದೀನಿ" ಎಂದರು. ಕಲಿಸಿದ್ದು ಕೋಲು ಹಿಡಿಸಿ ಎನ್ನುವುದನ್ನು ಹೇಳಲಿಲ್ಲ.

ಸಾಹೇಬರು ಅರ್ಧ ದಿನ ರಜೆ ಬರೆದುಕೊಟ್ಟು, ಕ್ಲಬ್ಬಿನ ಸದಸ್ಯ ಚೀಟಿ ಜೇಬಿಗಿಟ್ಟುಕೊಂಡು, ಇಬ್ಬರನ್ನೂ ಹಿಂದೆ ಹಾಕಿಕೊಂಡು ಹೊರಟರು.

ಮೊದಲು ಹೊಕ್ಕದ್ದು ದೊಡ್ಡ ರಸ್ತೆಯ ಗಾಜಿನಂಗಡಿ. ಅಲ್ಲಿ ಬಂದೂಕುಗಳು ಮದುವೆ ಹೆಣ್ಣುಗಳ ಹಾಗೆ ದೀಪದ ಕೆಳಗೆ ಸಾಲಾಗಿ ನಿಂತಿದ್ದವು. ಭಾವಮೈದ ದುರ್ಬೀನು ಕೂರಿಸಿದ್ದ ಒಂದನ್ನು ನೋಡಿದವನೇ ಕರಗಿ ನೀರಾದ.

"ಭಾವ, ಇದೇ! ಬೆಲೆ ನೋಡಬೇಡಿ, ಮಾಲು ನೋಡಿ."

"ಮಾಲು ನೋಡ್ದೆ ಕಣೋ. ಬೆಲೆ ನನ್ನನ್ನೇ ದುರುಗುಟ್ಟಿ ನೋಡ್ತಾ ಇದೆ."

"ಗಂಡಸು ಹಿಡಿಯೋ ಬಂದೂಕು ಭಾರವಾಗಿರಬೇಕು," ಎಂದು ಮೇಷ್ಟ್ರು ಎಲ್ಲಕ್ಕಿಂತ ದೊಡ್ಡದನ್ನು ಎತ್ತಿಕೊಂಡರು. "ಹೀಗೆ ಭುಜಕ್ಕೆ... ಹೀಗೆ ಬಲಕ್ಕೆ... ತಿರುಗ್!"

ಮೇಷ್ಟ್ರು ತಿರುಗಿದರು. ನಳಿಗೆಯೂ ತಿರುಗಿತು. ಬೇಟೆಯ ಅಂಗಿ ತೊಡಿಸಿ ನಿಲ್ಲಿಸಿದ್ದ ಬೊಂಬೆಯ ತಲೆ ಕಿತ್ತುಬಂದು ಉರುಳಿ, ಗಲ್ಲಾದ ಹತ್ತಿರ ಹೋಗಿ ಯಜಮಾನನ ಮುಖ ನೋಡುತ್ತ ನಿಂತಿತು. ಯಜಮಾನ ಸಾಹೇಬರ ಮುಖ ನೋಡಿದ. ಲಕೋಟೆ ಅಲ್ಲೇ ಒಂದಿಷ್ಟು ತೆಳ್ಳಗಾಯಿತು.

"ಕುತ್ತಿಗೆ ಸಡಿಲ ಇತ್ತು," ಎಂದರು ಮೇಷ್ಟ್ರು ಬೀದಿಗೆ ಬಂದ ಮೇಲೆ. "ಶಿಸ್ತಿಲ್ಲ ಅದಕ್ಕೆ."

ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ರಿಪೇರಿ ಅಜ್ಜಿಯ ಅಂಗಡಿ. ಹೊಲಿಗೆ ಯಂತ್ರ, ಸೈಕಲ್ ಪಂಪು, ಏರ್ ರೈಫಲ್, ಏನೇ ತಂದರೂ ಬಿಚ್ಚಿ ಜೋಡಿಸಿಕೊಡುವ ಮುದುಕಿ. ಕನ್ನಡಕ ಹಣೆಯ ಮೇಲೆ, ಎಣ್ಣೆ ಮೊಣಕೈವರೆಗೆ. ಲಕೋಟೆಯನ್ನು ಇಣುಕಿ ನೋಡಿ, "ಇಷ್ಟಕ್ಕೆ ಹಳೇದು ಎರಡಿವೆ. ಒಂದೇ ಕಂಪನಿ, ಒಂದೇ ಮಾಡಲ್ಲು. ನೋಡ್ಕೊಳ್ಳಿ," ಎಂದು ಬೆಂಚಿನ ಮೇಲಿಟ್ಟಳು.

ಒಂದು ಹೊಸ ಪಾಲಿಶ್ ಹಚ್ಚಿಕೊಂಡು ಮಿರಮಿರ ಮಿಂಚುತ್ತಿತ್ತು. ಇನ್ನೊಂದರ ಮರಕ್ಕೆ ಬೆಕ್ಕು ಪರಚಿದಂಥ ಗೀರುಗಳು.

"ಹೊಳೆಯೋದು, ಹೊಳೆಯೋದು!" ಎಂದ ಭಾವಮೈದ.

ಸಾಹೇಬರು ಅದನ್ನು ಎತ್ತಿ, ಇಟ್ಟು, ಇನ್ನೊಂದನ್ನು ಎತ್ತಿದರು. ಹುಬ್ಬು ಗಂಟಾಯಿತು. ಮತ್ತೆ ಮೊದಲನೆಯದನ್ನು ಎತ್ತಿಕೊಂಡು ಮಗುವಿನ ಹಾಗೆ ತೂಗಿದರು.

"ಅಮ್ಮಾ, ಎರಡೂ ಒಂದೇ ಅಂದ್ರಿ. ಇದು ಇನ್ನೂರ ಹತ್ತು ಗ್ರಾಂ ಜಾಸ್ತಿ ಇದೆ. ಹಿಂದುಗಡೆ ಮರದೊಳಗೆ ಏನೋ ಕೂತಿದೆ."

ಅಜ್ಜಿಯ ಕನ್ನಡಕ ಹಣೆಯಿಂದ ತಾನಾಗಿಯೇ ಮೂಗಿಗೆ ಇಳಿಯಿತು.

"ಅಯ್ಯೋ ನಿನ್ನ! ಒಳಗೆ ಬಿರುಕು ಬಿಟ್ಟಿತ್ತು, ಸೀಸ ಹುಯ್ದು ಮುಚ್ಚಿ ನನಗೆ ಮಾರಿದ್ರು ಅದರ ಹಳೇ ಯಜಮಾನರು. ನಾನೂ ಬಿಚ್ಚಿದ ಮೇಲೇ ನೋಡಿದ್ದು. ಇಪ್ಪತ್ತು ಜನ ಎತ್ತಿದ್ರಪ್ಪ, ಒಬ್ಬರೂ ಹಿಡೀಲಿಲ್ಲ."

"ನೀವು ಹೇಳ್ಬಹುದಿತ್ತು."

"ಕೇಳಿದ್ರೆ ಹೇಳ್ತಿದ್ದೆ. ಯಾರು ಕೇಳ್ತಾರೆ? ಎಲ್ಲರೂ ಹೊಳಪು ನೋಡಿ ಜೊಲ್ಲು ಸುರಿಸ್ತಾರೆ," ಎಂದು ಅಜ್ಜಿ ಭಾವಮೈದನ ಕಡೆ ಕಣ್ಣು ಹೊರಳಿಸಿದಳು. ಆಮೇಲೆ ಗೀರಿನ ರೈಫಲ್ಲನ್ನು ಸಾಹೇಬರ ಭುಜಕ್ಕೆ ಒತ್ತಿದಳು. "ಕತ್ತು ಬಗ್ಗಿಸದೆ ಕಣ್ಣು ನೇರ ಬಂತಾ? ಬಂತಲ್ಲ. ಈಗ ಬೆರಳಿಟ್ಟು ಕುದುರೆ ಎಳಿ, ಗುಂಡಿಲ್ಲ ಒಳಗೆ. ಬೆಣ್ಣೇಲಿ ಬೆರಳಿಟ್ಟ ಹಾಗೆ ಬರಬೇಕು, ಎಳೆದಷ್ಟು ಸಲಾನೂ ಒಂದೇ ಥರ. ಮೊದಲ ಬಂದೂಕಿಗೆ ಇಷ್ಟಿದ್ರೆ ಸಾಕು."

"ದುರ್ಬೀನು ಬೇಡ್ವಾ ಅಜ್ಜಿ?" ಎಂದ ಭಾವಮೈದ.

"ನಿನ್ನ ಭಾವನಿಗೆ ಕಣ್ಣಿಲ್ವಾ? ಅಗ್ಗದ ದುರ್ಬೀನು ಹಾಕೋದೂ ಒಂದೇ, ಕುರುಡನ ಕೈ ಹಿಡಿದು ರಸ್ತೆ ದಾಟೋದೂ ಒಂದೇ. ಮಿಕ್ಕ ದುಡ್ಡಿಗೆ ಗುಂಡು ತಗೊಳ್ಳಲಿ, ದಿನಾ ಹೊಡೀಲಿ."

ಗುಂಡಿನ ಡಬ್ಬಿಗಳಲ್ಲೂ ಸಾಹೇಬರು ಒಂದೊಂದು ಚಿಟಿಕೆ ಅಂಗೈಗೆ ಸುರಿದುಕೊಂಡು, "ಇದರಲ್ಲಿ ಒಂದು ದಪ್ಪ ಒಂದು ಸಣ್ಣ, ಬೇಡ. ಇದು ಸಮ ಇದೆ," ಎಂದು ಆರಿಸಿದರು. ಅಜ್ಜಿ ಸಂತೋಷಕ್ಕೆ ಎಣ್ಣೆ ಬಾಟಲಿಯೊಂದನ್ನು ಪುಕ್ಕಟೆ ಕೊಟ್ಟಳು. ಮೂರೂವರೆ ಗಂಟೆ. ಎಲ್ಲವೂ ಹೂವೆತ್ತಿದ ಹಾಗೆ ಆಗಿಬಿಟ್ಟಿತ್ತು.

ಆದರೆ ಬಸ್ಸಿನ ಕಂಡಕ್ಟರ್ ಹೂವಿನಂಥವನಲ್ಲ. "ಬಂದೂಕು ಹೀಗೆ ಬಿಚ್ಚಿಟ್ಟುಕೊಂಡು ಹತ್ತೋ ಹಾಗಿಲ್ಲ. ಕಟ್ಟಿ ತನ್ನಿ," ಎಂದು ಮೂವರನ್ನೂ ಇಳಿಸಿದ. ಇಳಿದದ್ದು ಅಂಚೆ ಕಚೇರಿಯ ಎದುರಿಗೇ.

"ಕಟ್ಟೋದಾ? ಅದು ನನಗೆ ಬಿಡಿ," ಎಂದು ಸಾಹೇಬರು ಒಳಗೆ ನುಗ್ಗಿದರು. ಇಪ್ಪತ್ತೆರಡು ವರ್ಷದ ಕೈ. ರಟ್ಟು ಸುತ್ತಿ, ಬಟ್ಟೆ ಹೊದಿಸಿ, ನಾಲ್ಕು ಅಂಚೂ ಹೊಲಿದು, ಅರಗು ಹಾಕಿದರು. ಆ ಕಟ್ಟಿನ ಅಂದ ನೋಡಿ ಕೈ ತಾನಾಗಿಯೇ ಲೇಖನಿ ಎತ್ತಿಕೊಂಡು ಕ್ಲಬ್ಬಿನ ಕೋಚ್ ಅವರ ವಿಳಾಸ ಬರೆದುಬಿಟ್ಟಿತು. ವಿಳಾಸವಿಲ್ಲದ ಪಾರ್ಸೆಲ್ ಅವರ ಕಣ್ಣಿಗೆ ಬಟ್ಟೆಯಿಲ್ಲದ ಮನುಷ್ಯನ ಹಾಗೆ ಕಾಣುತ್ತಿತ್ತು. ಕೈಗೆ ಮೆತ್ತಿದ ಅರಗು ತೊಳೆಯಲು ಹಿತ್ತಲಿಗೆ ಹೋದರು.

ಪಕ್ಕದ ಮೇಜಿನ ಮುದ್ರೆಯಮ್ಮ ಕೆಲಸಗಳ್ಳಿಯಲ್ಲ. ತಕ್ಕಡಿ ಸಾಹೇಬರ ಅಕ್ಷರ ಕಂಡಳು. ಎರಡು ಸಲ ದಬ್ ದಬ್ ಎಂದು ಮುದ್ರೆ ಒತ್ತಿ ಹೊರಗೆ ಹೋಗುವ ಚೀಲಕ್ಕೆ ಹಾಕಿದಳು. ಸಾಹೇಬರು ಕೈ ಒರೆಸಿಕೊಳ್ಳುತ್ತ ಬಂದಾಗ ಮೇಜು ಬೋಳಾಗಿತ್ತು.

"ಇಲ್ಲಿದ್ದಿದ್ದು?"

"ಕಳಿಸ್ದೆ ಸಾರ್. ವ್ಯಾನು ಬಂದಿತ್ತಲ್ಲ. ನೀವು ರಜೆಯಲ್ಲೂ ಕೆಲಸ ಮಾಡ್ತೀರಿ, ನಾನು ಸುಮ್ನೆ ಕೂರಕ್ಕಾಗತ್ತಾ?"

ಮೂವರೂ ಓಡಿದರು. ಮೇಷ್ಟ್ರು ಪೀಪಿ ಊದಿದ ರಭಸಕ್ಕೆ ರಸ್ತೆಯ ವಾಹನಗಳೆಲ್ಲ ನಿಂತವು, ಟಪ್ಪಾಲು ವ್ಯಾನೂ ನಿಂತಿತು. ಆದರೆ ಚಾಲಕ ಹಳೇ ಹುಲಿ.

"ಮುದ್ರೆ ಬಿದ್ದ ಮೇಲೆ ಮಾಲು ವಿಳಾಸದವರದ್ದು. ದಾರೀಲಿ ಬಿಚ್ಚಿ ಕೊಡಬಾರದು ಅಂತ ನನಗೆ ಹೇಳಿಕೊಟ್ಟವರು ಯಾರು ಸಾರ್?"

"ನಾನೇ," ಎಂದರು ಸಾಹೇಬರು ತಗ್ಗಿದ ದನಿಯಲ್ಲಿ.

"ಮತ್ತೆ? ಐದು ಗಂಟೆಗೆ ಅಲ್ಲಿಗೆ ಹೋಗತ್ತೆ. ಬೇಕಾದ್ರೆ ಜೊತೆಗೆ ಒಬ್ಬರು ಬನ್ನಿ. ಒಂದೇ ಸೀಟಿರೋದು."

ಸಾಹೇಬರು ಬಾಯಿ ತೆರೆಯುವುದರೊಳಗೆ ಭಾವಮೈದ ಹತ್ತಿ ಕೂತಾಗಿತ್ತು. "ನಾನಿದೀನಲ್ಲ ಭಾವ, ನಿಮ್ಮ ಜಾಗ ಹಿಡಿದಿಟ್ಟಿರ್ತೀನಿ!"

ಬೇರೆ ಬಸ್ಸು ಬರುವ ಸೂಚನೆಯಿರಲಿಲ್ಲ. ಸಾಹೇಬರು ಮೇಷ್ಟ್ರ "ಎಡಾ, ಬಲಾ" ಕೇಳುತ್ತ ನಡೆದೇ ನಡೆದರು. ಕ್ಲಬ್ಬಿನ ಗೇಟು ದಾಟಿದಾಗ ಐದು ಗಂಟೆ ಇಪ್ಪತ್ತೆರಡು ನಿಮಿಷ. ಬದುಕಿದೆಯಾ ಬಡಜೀವವೇ! ಇನ್ನೂ ಎಂಟು ನಿಮಿಷವಿತ್ತು.

ಒಳಗೆ ಕೋಚ್, ಅಧ್ಯಕ್ಷರು, ತಂಡದವರು ಎಲ್ಲರೂ ಗೀರು ಬಿದ್ದ ರೈಫಲ್ಲಿನ ಸುತ್ತ ನಿಂತಿದ್ದರು. ಸಾಹೇಬರನ್ನು ನೋಡಿದ್ದೇ ಕೋಚ್ ಓಡಿ ಬಂದು ತಬ್ಬಿಕೊಂಡರು.

"ಏನ್ ಮಾಲು ಸಾರ್! ಪಾರ್ಸೆಲ್ ನನ್ನ ಹೆಸರಿಗೆ ಬಂತು, ಬಿಚ್ಚಿದೆ. ಹೊಸದಾಗಿ ಬಂದ ರೈಫಲ್ಲನ್ನ ಯಜಮಾನರಲ್ಲದ ಬೇರೆಯವರ ಕೈಲಿ ಪರೀಕ್ಷೆ ಮಾಡಿಸೋದು ನಮ್ಮ ನಿಯಮ. ನಿಮ್ಮ ಭಾವಮೈದನ್ನೇ ಕೂರಿಸಿದೆ. ಹುಟ್ಟಿದಾಗಿಂದ ಬಂದೂಕು ಮುಟ್ಟಿಲ್ವಂತೆ. ಐದಕ್ಕೆ ಐದು ನಡುಮಧ್ಯ!"

ಸಾಹೇಬರ ಎದೆ ಉಬ್ಬಿತು. ರೈಲು, ಕಿಟಕಿ, ಹಿಂದಕ್ಕೆ ಓಡುವ ಕಂಬಗಳು ಕಣ್ಣಮುಂದೆ ಬಂದವು.

"ಇಷ್ಟು ಕಡಿಮೆ ದುಡ್ಡಲ್ಲಿ ಇಂಥದ್ದು ಆರಿಸಿ ತಂದೋರು ಈ ಕ್ಲಬ್ಬಲ್ಲೇ ಇಲ್ಲ," ಎಂದರು ಅಧ್ಯಕ್ಷರು. "ಆ ಇನ್ನೊಂದರೊಳಗೆ ತುಂಬಿದ್ದ ಸೀಸದ ಕತೆಯನ್ನೂ ನಿಮ್ಮ ಭಾವಮೈದ ಹೇಳಿದ. ಈಗಷ್ಟೇ ಎಲ್ಲರೂ ಒಪ್ಪಿ ತೀರ್ಮಾನ ಮಾಡಿದೀವಿ. ಯಾರ ಕೈಲಾದ್ರೂ ಐದಕ್ಕೆ ಐದು ಬೀಳತ್ತೆ ಅಂದ ಮೇಲೆ, ಹೊಡೆಯೋರು ಯಾರಾದ್ರೂ ಸಿಗ್ತಾರೆ. ಆರಿಸೋರು ಸಿಗಲ್ಲ. ಇವತ್ತಿಂದ ನಮ್ಮ ಉಗ್ರಾಣಕ್ಕೆ ನೀವೇ ಅಧಿಕಾರಿ!"

ಚಪ್ಪಾಳೆ ಬಿತ್ತು. ಎಲ್ಲರಿಗಿಂತ ಜೋರಾಗಿ ಹೊಡೆದವರು ಮೇಷ್ಟ್ರು.

"ತಂಡ...?" ಎಂದರು ಸಾಹೇಬರು.

"ತಂಡಕ್ಕೆ ನಿಮ್ಮ ಭಾವಮೈದ. ರೈಫಲ್ ನಿಮ್ಮದೇ, ಮನೆಯದ್ದೇ ಆಯ್ತಲ್ಲ! ನಾವೆಲ್ಲ ಪಂದ್ಯಕ್ಕೆ ಹೋದಾಗ ಇಲ್ಲಿ ಉಗ್ರಾಣ ನೋಡ್ಕೊಳ್ಳೋಕೆ ಜವಾಬ್ದಾರಿ ಇರೋರು ಬೇಕಲ್ಲ ಸಾರ್. ಬನ್ನಿ, ಜಾಗ ತೋರಿಸ್ತೀನಿ," ಎಂದರು ಕೋಚ್.

ಜಾಗ ಚೆನ್ನಾಗಿಯೇ ಇತ್ತು. ಒಂದು ಕುರ್ಚಿ, ಒಂದು ದಪ್ಪ ಪುಸ್ತಕ, ಎದುರಿಗೆ ಸರಳು ಹಾಕಿದ ಸಣ್ಣ ಕಿಟಕಿ. ಕೂತು ಒಂದು ನಿಮಿಷವಾಗಿರಲಿಲ್ಲ, ಕಿಟಕಿಯಲ್ಲಿ ಭಾವಮೈದನ ಮುಖ ಮೂಡಿತು. ದನಿ ತಗ್ಗಿಸಿ ಮಾತಾಡಿದ್ದು ಅವನ ಜನ್ಮದಲ್ಲಿ ಅದೇ ಮೊದಲು.

"ಭಾವ, ಯಾರಿಗೂ ಹೇಳಬೇಡಿ. ಹೊಡೆಯುವಾಗ ಹೆದರಿಕೆಗೆ ಎರಡೂ ಕಣ್ಣು ಮುಚ್ಕೊಂಡಿದ್ದೆ. ಪಂದ್ಯದಲ್ಲಿ ಯಾವ ಕಣ್ಣು ಮುಚ್ಚಬೇಕು?"

ಸಾಹೇಬರು ಪುಸ್ತಕದಲ್ಲಿ ಅವನ ಹೆಸರು ಬರೆದುಕೊಂಡು, ಸಹಿ ಹಾಕೋ ಎಂದು ಮುಂದಕ್ಕೆ ತಳ್ಳಿದರು.

"ಎರಡೂ ಮುಚ್ಕೋ," ಎಂದರು. "ಹಾಗೇ ಬಾಯೀನೂ."