ಊಟಕ್ಕೆ ಕೂತವನನ್ನು ಎಬ್ಬಿಸುವ ದೃಶ್ಯದಲ್ಲಿ ಸಡಿಲಿಕೆ ಕೋರಿ

ಇಂದ:
ಜಲಜಾಕ್ಷಿ, ನಾಯಕನ ತಾಯಿಯ ಪಾತ್ರಧಾರಿ (ನಿಜದಲ್ಲಿ ನಿರ್ದೇಶಕರ ತಾಯಿ),
ಅಡುಗೆಮನೆ, ಬಾಳಗಡಿ, ಕೊಪ್ಪ.

ಗೆ:
ನಿಶ್ಚಿತಾ, ನಿರ್ದೇಶಕರು,
ಜಗಲಿ, ಅದೇ ಮನೆ.

ವಿಷಯ: ದೃಶ್ಯ ಮೂವತ್ತೊಂದರಲ್ಲಿ ನಾಯಕನನ್ನು ಹೊರಹಾಕುವ ಮೊದಲು ಅವನ ಊಟ ಮುಗಿಯಲು ಬಿಡುವ ಕುರಿತು.

ಉಲ್ಲೇಖ: "ಅಮ್ಮ, ಸೆಟ್ಟಲ್ಲಿ ನಾನು ಮಗಳಲ್ಲ. ಎಂತ ಇದ್ರೂ ಬರ್ದು ಕೊಡು" ಎಂಬ ತಮ್ಮ ಇಂದಿನ ಮೌಖಿಕ ಆದೇಶ.

ಮಾನ್ಯರೇ,

ಕಡುಬಿನ ಇನ್ನೊಂದು ಸುತ್ತು ಬೇಯುವಷ್ಟರಲ್ಲಿ ಬರೆದು ಮುಗಿಸಬೇಕಾಗಿರುವ ಕಾರಣ ಅಕ್ಷರ ಓಡಿದೆ. ಮನ್ನಿಸತಕ್ಕದ್ದು.

1. ಸಿನಿಮಾ ಮಾಡಲು ಹೊರಟವನೊಬ್ಬನ ಪಾಡನ್ನು ಕುರಿತ ತಮ್ಮ ಹಾಸ್ಯ ಚಿತ್ರದಲ್ಲಿ, ತಾಯಿಯ ಪಾತ್ರಕ್ಕೆ ಬರಬೇಕಿದ್ದವರು ಬಾರದ ಕಾರಣ ನನ್ನನ್ನು ನೇಮಿಸಲಾಗಿದೆ. ಉಣ್ಣುತ್ತಿರುವ ಮಗನಿಗೆ ನಾನು, "ಸಿನಿಮಾ ಅಂತ ಸಾಯ್ಬೇಡ. ಏಳು, ನನ್ನ ಮನೆಯಿಂದ ನಡಿ" ಎನ್ನತಕ್ಕದ್ದು.

2. ಊಟಕ್ಕೆ ಕೂತವರನ್ನು ಎಬ್ಬಿಸಿ ನನಗೆ ಅಭ್ಯಾಸವಿಲ್ಲ. ಆದ್ದರಿಂದ ಮೊದಲ ಟೇಕಿನಲ್ಲಿ ನನ್ನ ಬಾಯಿಂದ "ಇನ್ನೊಂದು ಹಾಕ್ಲಾ?" ಎಂದು ಬಂದಿತು. ಎರಡನೆಯದರಲ್ಲೂ ಅದೇ ಬಂದಿತು. ಐದನೆಯದರಲ್ಲಿ ಮಾತು, ಕಣ್ಣು, ಸಿಟ್ಟು ಎಲ್ಲ ಸರಿಯಿದ್ದವು; ಕೈ ಮಾತ್ರ ತನ್ನಷ್ಟಕ್ಕೆ ಚಟ್ನಿ ಬಡಿಸಿತು. "ಅಮ್ಮ, ಕೈ" ಎಂದು ತಾವು ತಲೆ ಹಿಡಿದುಕೊಂಡು ಕೂತದ್ದು ದಾಖಲಾಗಿದೆ.

3. ಪ್ರತಿ ಟೇಕಿಗೂ ತಟ್ಟೆಯಲ್ಲಿ ಎರಡು ಕಡುಬು, ಅದರಲ್ಲೊಂದು ಅರ್ಧ ಕಚ್ಚಿದ್ದು ಇರಬೇಕೆಂಬ ನಿಯಮದ ಕಾರಣ, ನಾಯಕ ಕಿರಣ ಒಂಬತ್ತು ಟೇಕಿಗೆ ಹದಿನಾಲ್ಕು ಕಡುಬು ಮುಗಿಸಿದ್ದಾನೆ. ಕ್ಯಾಮೆರಾದ ಪ್ರಶಾಂತ, "ಕಚ್ಚಿದ್ರೆ ಸಾಕು, ನುಂಗ್ಬೇಡ ಮಾರಾಯ" ಎಂದು ಎಚ್ಚರಿಸಿದ್ದನು. "ಚಟ್ನಿ ಬಿಡಕ್ಕಾಗಲ್ಲ ಕಣೋ" ಎಂಬುದು ಕಿರಣನ ಸಮಜಾಯಿಷಿ. ಹತ್ತನೆಯ ಟೇಕಿನಲ್ಲಿ, ದೇವರ ದಯೆಯಿಂದ, ನಾನು ಸರಿಯಾಗಿ "ಏಳು" ಎಂದೆ. ಅವನಿಗೆ ಏಳಲಾಗಲಿಲ್ಲ. "ಆಂಟಿ, ಬೇಕಾರೆ ಹೊಡೀರಿ. ಏಳ್ಸೋಕೆ ಮಾತ್ರ ಇಬ್ರು ಬೇಕು" ಎಂದನು. ನಾನು ನಕ್ಕೆ. ಪ್ರಶಾಂತನೂ ನಕ್ಕ ಕಾರಣ ಚಿತ್ರ ಅಲುಗಾಡಿತು. ಹಾಗೆ "ಏಳು" ಎನ್ನುವ ಧೈರ್ಯ ನನಗೆ ಇನ್ನೊಮ್ಮೆ ಬರುವ ಭರವಸೆಯಿಲ್ಲ.

4. ಇದು ಕೊನೆಯ ದೃಶ್ಯ. ಬಾಡಿಗೆ ಕ್ಯಾಮೆರಾ ಸಂಜೆ ಐದರ ಬಸ್ಸಿಗೆ ನರಸಿಂಹರಾಜಪುರಕ್ಕೆ ವಾಪಸು ಹೋಗುತ್ತದೆ. ಇದೊಂದು ಆಗದಿದ್ದರೆ ತಮ್ಮ ಎರಡು ವರ್ಷದ ಕೆಲಸ ಅರ್ಧಕ್ಕೇ ನಿಲ್ಲುವುದೆಂಬುದು ನನಗೆ ತಿಳಿದಿದೆ.

ಆದ್ದರಿಂದ, ನಾಯಕನು ಉಂಡು, ಕೈ ತೊಳೆದು, ಕಾಲು ಗಂಟೆ ಒರಗಿದ ನಂತರ ಅವನನ್ನು ಹೊರಹಾಕುವಂತೆ ದೃಶ್ಯವನ್ನು ತಿದ್ದಬೇಕಾಗಿ ಕೋರುತ್ತೇನೆ. ಆಗ ತಾವು ಬರೆದದ್ದಕ್ಕಿಂತ ಎರಡು ಮಾತು ಹೆಚ್ಚೇ ಬೈಯಲು ಬದ್ಧಳಾಗಿದ್ದೇನೆ.

ಇಂತಿ, ತಮ್ಮನ್ನು ಹೆತ್ತ ವಿಶ್ವಾಸಿ,
ಜಲಜಾಕ್ಷಿ

ಲಗತ್ತುಗಳು:
1. ಕಿರಣನ ಒಪ್ಪಿಗೆ ಪತ್ರ (ಮಲಗಿಕೊಂಡು ಸಹಿ ಮಾಡಿದ್ದು).
2. ಮುಚ್ಚಿಟ್ಟ ತಟ್ಟೆ ಒಂದು, ಕಡುಬು ಮೂರು. ಇವು ಚಿತ್ರೀಕರಣಕ್ಕಲ್ಲ. ನಿರ್ದೇಶಕರು ಬೆಳಗ್ಗಿನಿಂದ ಏನೂ ತಿಂದಿಲ್ಲದ ಕಾರಣ, ಇವನ್ನು ತಿಂದ ನಂತರವೇ ಅರ್ಜಿಯನ್ನು ಪರಿಶೀಲಿಸತಕ್ಕದ್ದು. ತಿನ್ನುವಾಗ ಯಾರೂ ಕರೆಯದಂತೆ ಬಾಗಿಲಲ್ಲಿ ನಾನೇ ನಿಂತಿರುತ್ತೇನೆ.