ವಿಮಾನದ ಪಕ್ಕೆಯ ತೂತು

ತಪ್ಪು ಮಾಡಿ ಬೈಸಿಕೊಂಡರೆ ಎರಡು ದಿನ ಊಟ ಸೇರುವುದಿಲ್ಲ, ಮೂರನೆಯ ದಿನ ಸೇರುತ್ತದೆ. ಮಾಡದ ಕೆಲಸಕ್ಕೆ ಶಹಬ್ಬಾಸ್ ಅನ್ನಿಸಿಕೊಂಡರೆ ಮಾತ್ರ ಅದು ಎಂದೂ ಅರಗುವುದಿಲ್ಲ. ನನ್ನ ಹೊಟ್ಟೆಯಲ್ಲಿ ಅಂಥದ್ದೊಂದು ಶಹಬ್ಬಾಸ್ ಎಷ್ಟೋ ವರ್ಷಗಳಿಂದ ಕೂತಿದೆ.

ಆಗ ಬೆಳಗಾವಿಯ ಖಾಸಬಾಗದಲ್ಲಿ ನನ್ನದೊಂದು ಸ್ಟಿಕ್ಕರ್ ಅಂಗಡಿ. ಬೈಕಿನ ಟ್ಯಾಂಕಿಗೆ ಹುಲಿ, ಟೆಂಪೋದ ಬೆನ್ನಿಗೆ ಮನೆದೇವರು ಅಂಟಿಸುತ್ತಿದ್ದವನಿಗೆ ಒಮ್ಮೆ ವಿಮಾನವೇ ಸಿಕ್ಕಿತು. ಊರಾಚೆ ವಿಮಾನ ಹಾರಿಸಲು ಕಲಿಸುವ, ಮರಾಠಿ ಮನೆಮಾತಿನ ಕ್ಯಾಪ್ಟನ್ ಒಬ್ಬರಿದ್ದರು. ಅವರ ಎರಡು ಸೀಟಿನ ವಿಮಾನಕ್ಕೆ ಬಣ್ಣದ ಬದಲು ಮುಂಬಯಿಯಲ್ಲಿ ಹದ್ದಿನ ಚಿತ್ರ ಮುದ್ರಿಸಿದ ವಿನೈಲ್ ಸ್ಟಿಕ್ಕರ್ ಹಾಳೆ ಹೊದಿಸಿದರೆ ಭಾರವೂ ಕಡಿಮೆ, ಬೇಸರವಾದಾಗ ಕಿತ್ತು ಬೇರೆ ಹಚ್ಚಲೂಬಹುದು ಎಂದು ಅವರ ತಲೆ ತುಂಬಿದವನು ನಾನೇ. ಅಲ್ಲಿಯವರೆಗೆ ಅದಕ್ಕೆ ಬಣ್ಣ ಹಚ್ಚುತ್ತಿದ್ದವರು ಖಾನಾಪುರದ ದಸ್ತಗೀರ್ ಚಾಚಾ. ಕನ್ನಡ, ಮರಾಠಿ, ಉರ್ದು ಮೂರರಲ್ಲೂ ಬೋರ್ಡು ಬರೆಯುತ್ತಿದ್ದ ಅವರೇ ನನಗೆ ಕುಂಚ ಹಿಡಿಯಲು ಕಲಿಸಿದ್ದು. ಗುರುವಿನ ಅನ್ನಕ್ಕೆ ಕೈ ಹಾಕಿದ್ದು ಸಾಲದೆಂದು ಖಾನಾಪುರಕ್ಕೆ ಹೋಗಿ, ಅವರದೇ ಚಹಾ ಕುಡಿದು, ಪೇಂಟಿನ ಕಾಲ ಮುಗಿಯಿತೆಂದು ಅವರಿಗೇ ಬುದ್ಧಿ ಹೇಳಿ ಬಂದೆ. ಚಾಚಾ ಸಿಟ್ಟಾಗಲಿಲ್ಲ. ಅಂಟಿಸಿದ ಮೇಲೆ ನೋಡಲು ಬರುತ್ತೇನೆ ಎಂದರಷ್ಟೆ.

ನಾಲ್ಕು ದಿನ ಸೋಪಿನ ನೀರು ಚಿಮುಕಿಸಿ, ಒಂದು ಗುಳ್ಳೆಯೂ ಏಳದಂತೆ ಸವರಿ ಸವರಿ ಅಂಟಿಸಿದೆ. ಪಕ್ಕೆಯಲ್ಲಿ ಒಂದು ಸಣ್ಣ ತೂತು ಕಂಡಿತು. ಟೆಂಪೋಗಳ ಸಹವಾಸದಲ್ಲಿ ಬೆಳೆದವನಿಗೆ ತೂತೆಂದರೆ ತುಕ್ಕು, ಇಲ್ಲವೇ ಬಿದ್ದುಹೋದ ಮೊಳೆ. ಅದರ ಮೇಲೆ ಹದ್ದಿನ ರೆಕ್ಕೆ ಎಳೆದು, ಬಡಪಾಯಿ ವಿಮಾನದ ಮಾನ ಕಾಪಾಡಿದೆ ಅಂದುಕೊಂಡೆ.

ಮರುದಿನ ಬೆಳಿಗ್ಗೆ ಕ್ಯಾಪ್ಟನ್ ಒಬ್ಬ ವಿದ್ಯಾರ್ಥಿನಿಯೊಂದಿಗೆ ಹಾರಲು ಸಜ್ಜಾಗಿ, ಆಚೆ ಬದಿಯ ಗಾಲಿ ನೋಡುತ್ತಿದ್ದರು. ಪ್ಯಾಸೆಂಜರ್ ರೈಲಿಗೆ ಬಂದಿದ್ದ ಚಾಚಾ ಹದ್ದಿನ ಮೇಲೆ ಅಂಗೈ ಆಡಿಸುತ್ತ ಹೋದರು. ರೆಕ್ಕೆಯ ಹತ್ತಿರ ಕೈ ನಿಂತಿತು.

“ಬಸು, ಇಲ್ಲೊಂದು ತೂತು ಇತ್ತಲ್ಲಪಾ,” ಎಂದರು, ನನಗಷ್ಟೇ ಕೇಳುವಂತೆ.

“ಮುಚ್ಚೇನ್ರೀ ಚಾಚಾ. ಛಂದ ಕಾಣ್ತಿದ್ದಿಲ್ಲ.”

“ಅದರಾಗ ಗಾಳಿ ಆಡಿದ್ರನ ಎಷ್ಟು ಮ್ಯಾಲ ಅದೀವಿ ಅಂತ ಒಳಗಿನ ಮೀಟರಿನ ಮುಳ್ಳು ಖರೇ ಹೇಳತೈತಿ. ನಾ ಬಣ್ಣ ಹಚ್ಚೂಮುಂದ ಅಲ್ಲಿ ಬೆಂಕಿಕಡ್ಡಿ ಚುಚ್ಚಿ, ಕಡ್ಡಿಗೆ ಕೆಂಪು ದಾರ ಕಟ್ಟತಿದ್ದೆ. ತೆಗಿಯೂದು ಮರೀಬಾರ್ದು ನೋಡು.”

ಚಾಚಾ ನನ್ನ ಕಿಸೆಯಿಂದಲೇ ಬ್ಲೇಡು ತೆಗೆದು, ತೂತಿನ ಸುತ್ತ ದುಂಡಗೆ ಕೊಯ್ದು, ಆ ಚೂರನ್ನು ಮುಷ್ಟಿಯಲ್ಲಿ ಹಿಡಿದುಕೊಂಡರು. ಅಷ್ಟರಲ್ಲಿ ಈಚೆ ಬಂದ ಕ್ಯಾಪ್ಟನ್ ಬಗ್ಗಿ ನೋಡಿ, ಈ ತೂತಿನ ವಿಷಯ ಹೇಳಲು ಮರೆತೇಬಿಟ್ಟಿದ್ದೆ, ನೀವಾಗಿಯೇ ಎಷ್ಟು ನೀಟಾಗಿ ಬಿಟ್ಟಿದ್ದೀರಿ ಎಂದು ನನ್ನ ಬೆನ್ನು ತಟ್ಟಿದರು. ಶಹಬ್ಬಾಸ್ ಎಂದರು. ನಿಜ ಹೇಳಲು ಬಾಯಿ ತೆರೆದೆ.

“ಅದು ನಮ್ಮ ಕೆಲಸಾನ ಐತಲ್ರೀ ಸರ,” ಎಂದೆ.

ಚಾಚಾ ನನ್ನ ಕಡೆ ನೋಡಲಿಲ್ಲ. ಅದಕ್ಕೇ ನನಗೆ ಹೆಚ್ಚು ನಾಚಿಕೆಯಾದದ್ದು. ವಿಮಾನ ಹೋಗಿ ಸುರಕ್ಷಿತವಾಗಿ ಇಳಿಯುವವರೆಗೆ ಇಬ್ಬರೂ ತಲೆಯೆತ್ತಿ ನಿಂತೆವು. ಆಮೇಲೆ ಸ್ಟೇಷನ್ನಿಗೆ ಬಿಡಲು ಹೋದಾಗ ಅವರು ಆ ಚೂರನ್ನು ನನ್ನ ಅಂಗೈಗೆ ಹಾಕಿ, “ಅಂಟು ಛಲೋ ಐತಿ,” ಎಂದು ರೈಲು ಹತ್ತಿದರು.

ಆ ಚೂರು ಇಂದಿಗೂ ನನ್ನ ಅಂಗಡಿಯ ಗಾಜಿನ ಮೇಲಿದೆ. ಗಿರಾಕಿಗಳು ಕೇಳಿದರೆ, ನಾನು ವಿಮಾನದ ಕೆಲಸ ಮಾಡಿದ ಗುರುತು ಅನ್ನುತ್ತೇನೆ. ಮುಂದಿನದನ್ನು ಯಾರಿಗೂ ಹೇಳುವುದಿಲ್ಲ. ಇಲ್ಲಿ ಬರೆದದ್ದೂ ಪಶ್ಚಾತ್ತಾಪದಿಂದಲೇ ಎಂದುಕೊಳ್ಳಬೇಡಿ. ಕ್ಯಾಪ್ಟನ್ನರಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ.