ಇಳಿಜಾರಿನಲ್ಲಿ ನಿಂತ ನನ್ನ ಗಾಡಿ

ನನ್ನ ಎಸ್‌ಯುವಿಗೆ ಬೆಟ್ಟ ಹತ್ತುವ ಯೋಗ್ಯತೆಯಿದೆ, ಹೊಳೆ ದಾಟುವ ತಾಕತ್ತಿದೆ, ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲವಿದೆ. ಇಲ್ಲದಿರುವುದು ಒಂದೇ, ನನ್ನ ಹೆಂಡತಿ ಹೇರಾನಳ ಕೃಪಾಕಟಾಕ್ಷ. ಈ ನಾಲ್ಕು ವರ್ಷದಲ್ಲಿ ಅದು ಹತ್ತಿದ ಅತಿ ದೊಡ್ಡ ಬೆಟ್ಟವೆಂದರೆ ದೇಗು ನಗರದ ನಮ್ಮ ಅಪಾರ್ಟ್‌ಮೆಂಟಿನ ಗೇಟಿನ ಹಂಪ್ಸು ಎಂದು ಅವಳು ಕಂಡಕಂಡವರ ಮುಂದೆ ಆಡಿಕೊಳ್ಳುತ್ತಾಳೆ.

"ರೀ, ಕೊನೇ ಮಾತು ಹೇಳ್ತೀನಿ ಕೇಳಿ," ಎಂದಳು ಒಂದು ದಿನ. "ಈ ಸಲ ಅಮ್ಮನ ಮನೇಲಿ ಚಳಿಗಾಲಕ್ಕೆ ಎಲೆಕೋಸಿನ ಉಪ್ಪಿನಕಾಯಿ, ಕಿಮ್ಚಿ ಹಾಕೋ ದಿನ ನಿಮ್ಮ ಗಾಡಿಯಿಂದ ಒಂದೇ ಒಂದು ಉಪಯೋಗ ಆಗ್ಲಿ. ಇಲ್ಲಾಂದ್ರೆ ಹೊಸ ವರ್ಷಕ್ಕೆ ಮುಂಚೆ ಮಾರಿಬಿಡೋದು."

"ಒಂದಲ್ಲ, ಹತ್ತು ಆಗುತ್ತೆ ನೋಡ್ತಿರು," ಎಂದೆ. ನನಗೆ ಎಳ್ಳಷ್ಟೂ ಅಳುಕಿರಲಿಲ್ಲ. ಮಾವನ ಮನೆಯಿರುವುದು ಬೊಂಗ್ಹ್ವಾ ಕಡೆಯ ಗುಡ್ಡದಲ್ಲಿ. ಒಂದು ಚೊಂಬು ನೆಟ್ಟಗಿಡುವಷ್ಟು ಸಮತಟ್ಟು ಜಾಗ ಅಲ್ಲಿಲ್ಲ. ನನ್ನ ಗಾಡಿ ಅವತಾರವೆತ್ತಿದ್ದೇ ಅಂಥ ಜಾಗಕ್ಕೆ!

ಕಿಮ್ಚಿಗೆ ಬಂದ ನೆಂಟರೆಲ್ಲ ತಮ್ಮ ಕಾರುಗಳನ್ನು ಕೆಳಗೆ ಊರಿನ ಸಮುದಾಯ ಭವನದ ಮುಂದೆ ಬಿಟ್ಟು ಏದುಸಿರು ಬಿಡುತ್ತ ಹತ್ತಿ ಬಂದಿದ್ದರು. ನಾನು ಮಾತ್ರ ಅಂಗಳದ ಮೇಲಿನ ಇಳಿಜಾರನ್ನೇರಿ, ಮಾವನ ಪುಟ್ಟ ಟ್ರಕ್ಕಿನ ಚಪ್ಪರಕ್ಕೆ ಅಡ್ಡವಾಗಿ, ಮೂತಿ ಆಕಾಶಕ್ಕೆ ಮಾಡಿ ಗಾಡಿ ನಿಲ್ಲಿಸಿದೆ. ಇನ್ನೊಬ್ಬರ ಗಾಡಿಗೆ ಅಡ್ಡ ನಿಲ್ಲಿಸಿದರೆ ಗೇರನ್ನು ನ್ಯೂಟ್ರಲ್ಲಿಗೆ ತಂದು, ಹ್ಯಾಂಡ್‌ಬ್ರೇಕ್ ಬಿಟ್ಟು, ಗಾಜಿನ ಹಿಂದೆ ಫೋನ್ ನಂಬರ್ ಇಟ್ಟು ಹೋಗುವುದು ನಮ್ಮ ಅಪಾರ್ಟ್‌ಮೆಂಟಿನ ಸದಾಚಾರ. ಹೊರಡುವವರು ತಳ್ಳಿ ದಾರಿ ಮಾಡಿಕೊಳ್ಳುತ್ತಾರೆ. ನನ್ನ ಗಾಡಿ ಯಾವ ಪಾರ್ಕಿಂಗ್ ಗೆರೆಯೊಳಗೂ ಹಿಡಿಸದ ಕಾರಣ ನಾಲ್ಕು ವರ್ಷದಿಂದ ದಿನವೂ ಮಾಡಿದ ಕೆಲಸ. ಇಲ್ಲೂ ಕೈ ತಾನಾಗಿಯೇ ಮಾಡಿ ಮುಗಿಸಿತು. (ಸಂಸ್ಕಾರ ಎನ್ನುವುದು ಇದಕ್ಕೇ.) ಹಿಂದಿನ ಚಕ್ರಗಳೆರಡೂ ಒಂದು ತಗ್ಗಿನಲ್ಲಿ ಕೂತಿದ್ದರಿಂದ ಗಾಡಿ ಅಲುಗಲೂ ಇಲ್ಲ.

ಮಾವ ಬಂದು ಸುತ್ತ ನೋಡಿದರು. "ಅಳಿಯಂದ್ರೇ, ಜಾರಲ್ವಾ ಇದು?"

"ಜಾರೋದಾ ಮಾವ! ಇಳಿಜಾರೇ ನಾಚ್ಕೊಂಡು ಪಕ್ಕಕ್ಕೆ ಸರೀಬೇಕು. ಬನ್ನಿ, ಹೊಲದಿಂದ ಎಲೆಕೋಸು ತಂದುಬಿಡೋಣ."

ಮಾವ ಎರಡೂ ಕೈ ಚಾಚಿ ಗಾಡಿಯ ಅಗಲ ಅಳೆದರು. ಆ ಕೈಗಳನ್ನು ಹಾಗೇ ಹಿಡಿದುಕೊಂಡು ಹೊಲದ ಕಿರುದಾರಿಯ ಕಡೆ ತಿರುಗಿದರು. "ನನ್ನ ಟ್ರಕ್ಕೇ ಹೋಗ್ಲಿ ಬಿಡಿ," ಎಂದರು.

ನನ್ನ ಮೊದಲ ಉಪಯೋಗ ಹೀಗೆ ಕೈತಪ್ಪಿತು. ಅಷ್ಟರಲ್ಲಿ ಅತ್ತೆ ನನ್ನ ಕೈಗಳಿಗೆ ಮೊಣಕೈವರೆಗಿನ ರಬ್ಬರ್ ಗವಸು ತೊಡಿಸಿ, ಮೆಣಸಿನ ಮಸಾಲೆ ಕಲಸಲು ಅಂಗಳದಲ್ಲಿ ಕೂರಿಸಿದರು.

"ರೀ, ಅಪ್ಪನ ಟ್ರಕ್ಕು ತೆಗೀಬೇಕಂತೆ," ಮೇಲಿನಿಂದ ಹೇರಾನ್ ಕೂಗಿದಳು. "ನಿಮ್ಮ ಗಾಡಿ ಸರಿಸ್ತೀರಾ?"

"ಕೈ ನೋಡೇ ನನ್ನದು!"

"ಇರ್ಲಿ ಬಿಡಿ, ನಾನೇ ತಳ್ತೀನಿ."

ದಿನಾ ಬೆಳಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಕಂಡವರ ಎರಡು ಮೂರು ಕಾರು ತಳ್ಳಿ ಪಳಗಿದ ಭುಜ ಅವಳದು. ನಾನೂ ಹೆಮ್ಮೆಯಿಂದ ಕೂಗಿದೆ: "ಸ್ವಲ್ಪ ತಳ್ಳು ಸಾಕು, ನ್ಯೂಟ್ರಲ್ಲಲ್ಲೇ ಇದೆ!"

ಆ ಮಾತು ನನ್ನ ಬಾಯಿಂದ ಹೊರಟು ನನ್ನದೇ ಕಿವಿಗೆ ಬಿದ್ದಾಗ ಗಾಡಿ ತಗ್ಗು ದಾಟಿಯಾಗಿತ್ತು.

ಅದು ಓಡಲಿಲ್ಲ. ಹಿಂದುಮುಂದಾಗಿ, ಮದುವೆ ಮನೆಗೆ ಬಂದ ದೊಡ್ಡ ಮನುಷ್ಯರ ಗಾಂಭೀರ್ಯದಲ್ಲಿ ಅಂಗಳಕ್ಕೆ ಇಳಿಯಿತು. ಎದುರಿಗಿದ್ದದ್ದು ಅತ್ತೆಯ ಭರಣಿ ಕಟ್ಟೆ. ಕಲ್ಲುಕಟ್ಟೆಯ ಮೇಲೆ ಹನ್ನೊಂದು ಭರಣಿ, ಅದರಲ್ಲೊಂದು ಏಳು ವರ್ಷದ ಸೋಯಾ ಸಾಸಿನದು. ಅತ್ತೆಗೆ ಅದು ಮಾವನಿಗಿಂತ ಒಂದು ಗುಲಗಂಜಿ ಹೆಚ್ಚು.

"ಅಯ್ಯೋ, ನನ್ನ ಭರಣಿ!" ಅತ್ತೆ ಚೀರಿದರು. ನಾನು ಕೆಂಪು ಕೈಗಳನ್ನು ಚಾಚಿಕೊಂಡು ಓಡಿದೆ. ಗಾಡಿಯ ಬೆನ್ನಿನ ಸ್ಟೆಪ್ನಿ ಟೈರು ಕಟ್ಟೆಗೆ ಧಡ್ ಎಂದು ಬಡಿಯಿತು. ಹನ್ನೊಂದೂ ಭರಣಿ ಒಮ್ಮೆ ತೂಗಿ, ಯೋಚಿಸಿ, ನಿಂತವು.

"ಯಾರೇ ನಿನಗೆ ಅಷ್ಟು ತಳ್ಳು ಅಂದಿದ್ದು?" ಎಂದು ಹೇರಾನಳ ಮೇಲೆ ರೇಗಿದೆ.

"ನೀವೇ! ಗುಡ್ಡದ ಮೇಲೆ ಯಾರಾದ್ರೂ ನ್ಯೂಟ್ರಲ್ಲಲ್ಲಿ ಬಿಟ್ಟು ಬರ್ತಾರಾ?"

"ಗುಡ್ಡದ ಮೇಲೆ ಯಾರಾದ್ರೂ ಗಾಡಿ ತಳ್ತಾರಾ?"

ಜಗಳ ಆಮೇಲೂ ಆಡಬಹುದೆಂದು ನಾನು ಗವಸು ಕಿತ್ತೆಸೆದು ಬೀಗದಕೈ ತೆಗೆದೆ.

"ಮುಟ್ಟಬೇಡಿ!" ಕಟ್ಟೆಯ ಬಳಿ ಕುಕ್ಕರಗಾಲಲ್ಲಿ ಕೂತಿದ್ದ ಮಾವ ಗುಡುಗಿದರು. "ಕಟ್ಟೆ ಕಲ್ಲೆಲ್ಲ ಸಡಿಲ ಆಗಿ ನಿಮ್ಮ ಟೈರಿಗೆ ಒರಗಿವೆ. ಗಾಡಿ ತೆಗೆದ್ರೆ ಹನ್ನೊಂದೂ ಕೆಳಗೆ."

"ಭರಣಿ ಇಳಿಸಿಬಿಡೋಣ ಅತ್ತೆ."

"ಏಳು ವರ್ಷದ ಸಾಸು ಕಲಕೋದಾ? ನಾನು ಬದುಕಿರೋವರೆಗೂ ಆಗಲ್ಲ!" ಎಂದರು ಅತ್ತೆ. ಕಟ್ಟೆ ಸರಿಮಾಡುವ ಮೇಸ್ತ್ರಿ ನೆಲದ ಹಿಮ ಕರಗದೆ ಬರುವುದಿಲ್ಲ, ಅಂದರೆ ಮಾರ್ಚ್‌ವರೆಗೂ ಗಾಡಿ ಇಲ್ಲೇ. ಮಾವ ನಾಲ್ಕೂ ಚಕ್ರಕ್ಕೆ ಕಲ್ಲು ಕೊಟ್ಟು, ನನ್ನ ಕಡೆ ತಿರುಗಿ ಬಹಳ ಮೆತ್ತಗೆ, "ಈಗ ಹ್ಯಾಂಡ್‌ಬ್ರೇಕ್ ಹಾಕಿ ಅಳಿಯಂದ್ರೇ," ಎಂದರು. ನಾನು ಹಾಕುವಷ್ಟರಲ್ಲಿ ಅತ್ತೆ ಗಾಡಿಯ ಕ್ಯಾರಿಯರ್ ಮೇಲೆ ಮೂಲಂಗಿ ಸೊಪ್ಪು ಒಣಹಾಕುತ್ತಿದ್ದರು.

ವಾಪಸು ಬಸ್ಸಿನಲ್ಲಿ ಬಂದೆವು. ನನ್ನ ತೊಡೆಯ ಮೇಲೆ ಹದಿನೈದು ಕೆ.ಜಿ. ಕಿಮ್ಚಿ ಡಬ್ಬಿ, ಬಸ್ಸಿಗೆ ಬಸ್ಸೇ ಮೂಗರಳಿಸಿ ನನ್ನನ್ನು ನೋಡುತ್ತಿತ್ತು. ಆದರೂ ನಾನು ಎದೆಗುಂದಲಿಲ್ಲ. ಉಪಯೋಗವಂತೂ ಆಯಿತಲ್ಲ!

"ಈಗ ಗಾಡಿ ಮಾರೋ ಮಾತಿಲ್ಲ ತಾನೆ?" ಎಂದು, ಮೀಸೆ ತಿರುವಲು ಕೈ ಖಾಲಿಯಿಲ್ಲದೆ, ಹಾಗೆಯೇ ಕೇಳಿದೆ.

ಹೇರಾನ್ ನನ್ನ ಭುಜಕ್ಕೆ ತಲೆಯಿಟ್ಟು ಕಣ್ಣು ಮುಚ್ಚಿದಳು. "ಮಾರೋದಾ? ಅಮ್ಮನ ಮನೆ ಗೋಡೇನ ಯಾರಾದ್ರೂ ಮಾರ್ತಾರೇನ್ರೀ?"